ಅವನ ಪುಸ್ತಕದಲ್ಲಿ ಸತ್ತವಳು

"ಮೊದಲು ಆ ರೆಕಾರ್ಡರ್ ಆಫ್ ಮಾಡಿ!"

ಆಸ್ಪತ್ರೆಯ ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸ್ ಕೂಗಿದ್ದು ವಿದೇಶಿ ಪತ್ರಕರ್ತನ ಮೇಲೆ. ಅದೂ ಅವನದೇ ಭಾಷೆಯಲ್ಲಿ!

ಬೆಳಿಗ್ಗೆ ಶೆಲ್ ಬಿದ್ದ ಬೀದಿಯಿಂದ ಬಂದಿದ್ದ ತಾಯಿಯೊಬ್ಬಳು ಮಗಳ ಒಂಟಿ ಚಪ್ಪಲಿ ಹಿಡಿದು ನೆಲದ ಮೇಲೆ ಕೂತಿದ್ದಳು. ಅವನು ಅವಳೆದುರು ಮಂಡಿಯೂರಿದ್ದ.

"ಇವರ ಕಣ್ಣೀರು ನಿಮಗೆ ಸುದ್ದಿ, ಅಲ್ವಾ?"

ಅವನು ತಕ್ಷಣ ಆಫ್ ಮಾಡಿದ. "ಕ್ಷಮಿಸಿ... ಇವರ ಮಾತು ನನಗೆ ಅರ್ಥ ಆಗ್ತಿಲ್ಲ. ಏನು ಹೇಳ್ತಿದ್ದಾರೆ?"

ಅವಳು ಬಾಗಿ ಕೇಳಿಸಿಕೊಂಡಳು. ಆ ತಾಯಿ ಬೇಡ ಎನ್ನುತ್ತಿರಲಿಲ್ಲ...

"ಮಗಳ ಹೆಸರು ಬರ್ಕೊಳ್ಳಿ ಅಂತಿದ್ದಾರೆ" ಎಂದಳು ಮೆಲ್ಲಗೆ.

ಅಂದಿನಿಂದ ಅವಳು ಅವನ ದುಭಾಷಿಯಾದಳು. ಡ್ಯೂಟಿ ಮುಗಿದ ಮೇಲೆ ಇಬ್ಬರೂ ಮುರಿದ ಮನೆಗಳಿಗೆ, ಗಾಯಾಳುಗಳ ವಾರ್ಡುಗಳಿಗೆ ಹೋಗುತ್ತಿದ್ದರು. ತಾಯಂದಿರು ಹೇಳುತ್ತಿದ್ದರು, ಅವಳು ಅವನ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಮೂರು ವಾರಕ್ಕೆಂದು ಬಂದವನು ಎರಡು ವರ್ಷ ಉಳಿದುಬಿಟ್ಟ!

"ನಿನ್ನ ಪರದೇಸಿ ಬಂದ ನೋಡು" ಎಂದು ಹೆಡ್ ನರ್ಸ್ ಕಾಡಿಸುತ್ತಿದ್ದಳು.

ಅವನು ಅವಳ ಭಾಷೆಯನ್ನೂ ಕಲಿಯತೊಡಗಿದ. ಒಮ್ಮೆ ಅವಳು ಸುಸ್ತಾಗಿ, "ನನ್ನ ತಲೆ ತಿನ್ಬೇಡ" ಎಂದಾಗ ಗಾಬರಿಯಿಂದ ಪೆನ್ನು ತೆಗೆದಿದ್ದ. "ಯಾರು ತಿಂದ್ರು? ಯಾವ ಬೀದೀಲಿ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯುದ್ಧ ಶುರುವಾದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ, ಒಂದು ಮಧ್ಯಾಹ್ನ, ಅವನು ಮದುವೆಯ ಮಾತೆತ್ತಿದ. ಅವಳು ಹೂಂ ಎಂದಳು.

ಹತ್ತೇ ದಿನ... ಸೇನಾಧಿಕಾರಿಗಳು ನಗರವನ್ನು ವಶಪಡಿಸಿಕೊಂಡರು. ವಿದೇಶಿಯರನ್ನೆಲ್ಲ ಬಸ್ಸಿಗೆ ಹತ್ತಿಸಿ ಗಡಿ ದಾಟಿಸಿದರು. ಅವಳು ಆಪರೇಷನ್ ಥಿಯೇಟರಿನಿಂದ ಹೊರಬಂದಾಗ ಅವನಿರಲಿಲ್ಲ. ಒಂದು ಚೀಟಿಯೂ ಇಲ್ಲ!

ವಿದೇಶಿಯರಿಗೆ ಕೆಲಸ ಮಾಡಿದವರನ್ನು ಹಿಡಿದೊಯ್ಯುತ್ತಿದ್ದರು. ಅವಳು ದೂರದ ಊರಿನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದಳು. ಎಂಟು ತಿಂಗಳ ನಂತರ ಪರಿಚಯದ ಡಾಕ್ಟರೊಬ್ಬರು ಕದ್ದುಮುಚ್ಚಿ ಅವನ ಪುಸ್ತಕ ತಂದುಕೊಟ್ಟರು.

ಕೊನೆಯ ಅಧ್ಯಾಯದಲ್ಲಿ ದುಭಾಷಿ ಸತ್ತಿದ್ದಳು. ಗಾಯಾಳುವನ್ನು ಮಾತಾಡಿಸಲು ಹೋಗಿದ್ದ ಮನೆಯ ಮೇಲೆ ಶೆಲ್ ಬಿತ್ತಂತೆ. ಅವನು ಸಮಾಧಿಯ ಮುಂದೆ ಅತ್ತನಂತೆ!

ಅವಳು ಪುಸ್ತಕವನ್ನು ಗೋಡೆಗೆ ಎಸೆದಳು. 'ನನ್ನನ್ನ ಬಿಟ್ಟುಹೋಗಿದ್ದು ಸಾಲದು ಅಂತ ಕೊಂದೂಬಿಟ್ಟೆಯಾ? ಓದೋರ ಕಣ್ಣಲ್ಲಿ ನೀರು ಬರ್ಲಿ ಅಂತ?'

ಆ ವಿಷವನ್ನು ನುಂಗಿಕೊಂಡೇ ಐದು ವರ್ಷ ಕಳೆದಳು.

ಕೊನೆಗೂ ಸೇನಾಧಿಕಾರಿಗಳ ಆಳ್ವಿಕೆ ಬಿತ್ತು. ಅವಳು ಅಮ್ಮನ ಮನೆಗೆ, ಹಳೆಯ ಆಸ್ಪತ್ರೆಗೆ ಮರಳಿದಳು. ಅದೇ ವರ್ಷ ಅವನ ಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಬಂತು. ಅವಳಿಗೆ ತಡೆಯಲಾಗಲಿಲ್ಲ. ಅವನ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದಳು.

'ನಾನೇ ಆ ದುಭಾಷಿ. ನಾನು ಬದುಕಿದ್ದೇನೆ. ನಿಮ್ಮ ಲೇಖಕ ಸುಳ್ಳುಗಾರ.'

ಎರಡು ತಿಂಗಳಲ್ಲಿ ಸುದ್ದಿ ಬಂತು. ಕೆಲಸದಿಂದ ವಜಾ. ಪ್ರಶಸ್ತಿ ವಾಪಸ್. ಪೇಪರನ್ನು ಅಮ್ಮನ ಮುಂದೆ ಎಸೆದಳು. "ನೋಡಮ್ಮಾ! ನಾನೇ ಮಾಡಿದ್ದು!"

ಅಮ್ಮ ಓದಿ ಅಲ್ಲೇ ಕುಸಿದು ಕೂತಳು.

"ಎಂಥ ಕೆಲಸ ಮಾಡ್ಬಿಟ್ಟೆ ಕಣೇ... ಹೋಗೋ ದಿನ ಅವನು ಮನೆಗೆ ಬಂದಿದ್ದ. ನಿನ್ನ ಹೆಸರು ಸೈನ್ಯದೋರ ಪಟ್ಟೀಲಿದೆ, ನೀನು ಸತ್ತೆ ಅಂತ ಬರೆದ್ರೆ ಹುಡುಕೋದು ಬಿಡ್ತಾರೆ ಅಂದ. ನಿಂಗೆ ಹೇಳ್ಬೇಡಿ, ಗೊತ್ತಾದ್ರೆ ನನಗೆ ಕಾಗದ ಬರೆದು ಸಿಕ್ಕಿಬೀಳ್ತಾಳೆ ಅಂದ. ಪುಸ್ತಕ ಬಂದ ಮೇಲೆ ಪೊಲೀಸ್ನೋರು ನನಗೇ ಸಂತಾಪ ಹೇಳಿ ಹೋದ್ರು!"

"ಅವರೆಲ್ಲ ತೊಲಗಿದ ಮೇಲಾದ್ರೂ ಹೇಳ್ಬಹುದಿತ್ತಲ್ಲಮ್ಮಾ?"

ಅಮ್ಮ ಮುಖ ತಿರುಗಿಸಿದಳು. "ಎರಡು ಸಲ ಕಾಗದ ಬರೆದ. ಹರಿದುಹಾಕ್ದೆ. ಅಷ್ಟು ದೂರಕ್ಕೆ ನಿನ್ನ ಕಳಿಸೋಕೆ ನನಗೆ ಮನಸ್ಸಿರಲಿಲ್ಲ. ನೀನು ಮರೆತುಬಿಡ್ತೀಯ ಅಂದ್ಕೊಂಡೆ..."

ಅವಳಿಗೆ ಅಮ್ಮನ ಮೇಲೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಕಾಗದ ಬರೆದ ಕೈ ತನ್ನದೇ ಆಗಿತ್ತಲ್ಲ!

ಅವನ ದೇಶಕ್ಕೆ ವೀಸಾ ಸಿಗಲು ನಾಲ್ಕು ತಿಂಗಳು ಹಿಡಿಯಿತು.

ಅವನ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದವನ ಕೂದಲು ಅರ್ಧ ನರೆತಿತ್ತು. ಮೇಜಿನ ಮೇಲೆ ಬಟ್ಟೆ ಒಗೆಯುವ ಯಂತ್ರಗಳ ಚಿತ್ರಗಳು ಹರಡಿದ್ದವು. ಅವುಗಳನ್ನು ಬಳಸುವ ವಿಧಾನ ಬರೆದುಕೊಡುವುದು ಈಗ ಅವನ ಹೊಟ್ಟೆಪಾಡು.

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ.

"ಕಾರಣ ಹೇಳ್ಬಹುದಿತ್ತಲ್ಲ ಸಂಪಾದಕರಿಗೆ?" ಅವಳ ದನಿ ಒಡೆಯಿತು.

"ಹೇಳಿದೆ. ಕಾರಣ ಒಳ್ಳೇದೇ, ಆದ್ರೆ ಸುಳ್ಳು ಸುಳ್ಳೇ ಅಂದ್ರು. ಸರಿಯಾಗೇ ಹೇಳಿದ್ರು."

"ನಿನ್ನನ್ನ ಹಾಳು ಮಾಡಿದ್ದು ನಾನು..."

"ನಿನ್ನ ಅಮ್ಮನಿಗೆ ಬರೆದೆ, ಉತ್ತರ ಬರಲಿಲ್ಲ. ನಾನು ಬರೆದದ್ದೇ ನಿಜ ಆಗಿಹೋಯ್ತು ಅಂದ್ಕೊಂಡೆ. ಆಮೇಲೆ ಒಂದು ದಿನ ಸಂಪಾದಕರು ಕರೆದು ನಿನ್ನ ಕಾಗದ ಮುಂದಿಟ್ರು. ಅವರು ಬೈತಾನೇ ಇದ್ರು... ನನಗೆ ಒಂದಕ್ಷರ ಕೇಳಿಸ್ಲಿಲ್ಲ. ನಿನ್ನ ಅಕ್ಷರ ನೋಡ್ತಾ ಕೂತಿದ್ದೆ. ಬದುಕಿದ್ದಾಳೆ... ಬದುಕಿದ್ದಾಳೆ..."

ಅವಳು ಬಿಕ್ಕಿಬಿಕ್ಕಿ ಅತ್ತಳು.

"ಕೋಪ ಬರಲಿಲ್ವಾ?"

"ಮಾರನೇ ದಿನ ಬಂತು" ಎಂದ ನೇರವಾಗಿ. "ನನ್ನ ಕೆಲಸ ಹೋಯ್ತು ಅಂತಲ್ಲ. ಆ ಸೇನಾಧಿಕಾರಿಗಳ ವಿಚಾರಣೆ ನಡೀತಿದೆ. ಪುಸ್ತಕದಲ್ಲಿ ಒಂದು ಸುಳ್ಳಿದೆ ಅಂದ್ಮೇಲೆ ಆ ತಾಯಂದಿರ ಮಾತೂ ಸುಳ್ಳು ಅಂತ ಅವರ ವಕೀಲರು ವಾದಿಸ್ತಿದ್ದಾರೆ. ಆ ಸುಳ್ಳು ನಂದು. ನನ್ನ ಮೇಲೂ ಕೋಪ, ನಿನ್ನ ಮೇಲೂ ಕೋಪ."

ಅವಳು ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಆ ಮಾತುಗಳನ್ನ ನಿನಗೆ ಹೇಳಿದ್ದು ನಾನು. ಒಂದೊಂದೂ ಇವತ್ತಿಗೂ ಕಿವೀಲಿದೆ. ವಿಚಾರಣೆಗೆ ನಾನೇ ಹೋಗಿ ಸಾಕ್ಷಿ ಹೇಳ್ತೀನಿ. ನೀನೂ ಬಾ."

"ಸುಳ್ಳುಗಾರನನ್ನ ಕರ್ಕೊಂಡು ಹೋಗ್ತೀಯಾ?"

"ಸತ್ತವಳೇ ಬರ್ತಿದ್ದಾಳಲ್ಲ!"

ಅವನು ನಗಲು ಹೋಗಿ ಅತ್ತುಬಿಟ್ಟ. ಅವಳು ಹತ್ತಿರ ಬಂದು ಅವನ ಎದೆಗೆ ಹಣೆಯಿಟ್ಟಳು. ಆರು ವರ್ಷಗಳು ಹೋಗಿದ್ದವು. ಯಾರೂ ಅವನ್ನು ವಾಪಸ್ ಕೊಡುವಂತಿರಲಿಲ್ಲ.

"ನಿನ್ನ ಕೋಪ ಹೋಯ್ತಾ?" ಅವನು ಪಿಸುಗುಟ್ಟಿದ.

"ಪೂರ್ತಿ ಇಲ್ಲ. ನಿಂದು?"

"ನಂದೂ ಇದೆ."

"ಇರ್ಲಿ. ನಾನು ಎಲ್ಲೂ ಹೋಗಲ್ಲ. ನಿಧಾನವಾಗಿ ಜಗಳ ಆಡೋಣ..."