ಸುಣ್ಣದ ಸಾಕವ್ವ ಮತ್ತು ನರಳಿದ ಬೀದಿ

ಬಹಳ ಹಿಂದೆ, ಏಳು ಕೆರೆಗಳಾಚೆ, ನೆಳಲೂರು ಅಂತ ಒಂದು ರಾಜ್ಯವಿತ್ತು. ಬೀದಿ ತುಂಬ ಹೊಂಗೆಮರ, ಮನೆ ಮನೆಗೂ ಮಣ್ಣಿನ ಅಂಗಳ. ಆದರೆ ಅಲ್ಲಿನ ರಾಜ ಥಳಕುರಾಯನಿಗೆ ಪಾದಕ್ಕೆ ಧೂಳು ತಾಗಿದರೆ ಮೈಯೆಲ್ಲ ಉರಿ. ದೊರೆ ದೊಡ್ಡವನೇ, ಬುದ್ಧಿ ಮಾತ್ರ ಅಂಗೈಯಗಲ!

ಒಂದು ದಿನ ಕೆಂಡಬೀರನೆಂಬ ಮಾಂತ್ರಿಕ ಬಂದ. "ಮಹಾಪ್ರಭು, ಊರಿಗೆಲ್ಲ ಮುಖ ಕಾಣುವಂಥ ಕರಿಕಲ್ಲು ಹಾಸಿಕೊಡ್ತೀನಿ. ಮರ ಮಾತ್ರ ಕಡಿಸಿಬಿಡಿ, ಎಲೆ ಉದುರಿ ಗಲೀಜು" ಅಂದ. ರಾಜ ಹೂಂ ಅಂದ. ಬೆಳಗಾಗುವುದರೊಳಗೆ ಹಾಸಿಯೂ ಆಯಿತು.

ಆಮೇಲೆ ನೋಡಿ! ಹಗಲೂ ಬೀದಿ ಕಾದ ಕಾವಲಿ, ಹೊತ್ತು ಮುಳುಗಿದರೂ ಕಾವಲಿ. ಸುಣ್ಣ ಸುಡುವ ಸಾಕವ್ವನ ಹತ್ತು ತಿಂಗಳ ಮಗಳು ಬೆಳ್ಳಿ ಒಂದು ಬೆಳಗ್ಗೆ ಕಣ್ಣು ಮೇಲೆ ಮಾಡಿದಳು. ಪಂಡಿತ ನಾಡಿ ಹಿಡಿದು, "ತಾಯೀ, ಇದು ಜ್ವರವಲ್ಲ, ನೆಲದ ಕಾವು. ಇವತ್ತು ಸಂಜೆಯೊಳಗೆ ನೆಲ ತಣಿಯದಿದ್ದರೆ ಮಗು ಉಳಿಯಲ್ಲ" ಅಂದ.

ಸಾಕವ್ವ ಬೀದಿಗೆ ಓಡಿದಳು. ಕೊಡಗಟ್ಟಲೆ ನೀರು ಸುರಿದಳು. ಚುಂಯ್ ಎಂದು ಆವಿಯಾಯಿತು, ಕಲ್ಲು ಕಾದೇ ಇತ್ತು. ಇದ್ದಬದ್ದ ಸೀರೆಗಳಿಂದ ಚಪ್ಪರ ಕಟ್ಟಿದಳು. ಝಳಕ್ಕೆ ಸೀರೆಗಳು ಕರಿಕಾದವು, ಕಲ್ಲು ಕಾದೇ ಇತ್ತು. ಮೂರನೆಯ ಸಲ ಹಾರೆ ತಂದು ಮೀಟಿದಳು.

ಕಲ್ಲು ನರಳಿತು!

ಅಯ್ಯಯ್ಯೋ, ಕಲ್ಲು ನರಳುವುದುಂಟೇ? ಬೀದಿಯ ತುದಿಯಲ್ಲಿ ಬಾವಿಯಷ್ಟಗಲದ ಒಂದು ಕಣ್ಣು ತೆರೆಯಿತು. ಜನ ಬೆಚ್ಚಿಬಿದ್ದರು. ಇಷ್ಟು ದಿನ ಅವರು ಓಡಾಡಿದ್ದು ಕಲ್ಲಿನ ಮೇಲಲ್ಲ, ಒಂದು ದೈತ್ಯ ಉಡದ ಬೆನ್ನಿನ ಮೇಲೆ!

ಗದ್ದಲ ಕೇಳಿ ಬಂದ ಕೆಂಡಬೀರ ಗಹಗಹಿಸಿದ. "ಬಿಸಿಲು ಕುಡಿದು ಬೆಳೀತಿದೆ. ಸಂಜೆಯೊಳಗೆ ಎದ್ದು ನಿಲ್ಲುತ್ತೆ. ಮಗುವಿನ ಜೊತೆ ಊರೂ ಹೋಯ್ತು ಅನ್ಕೋ!"

ಸಾಕವ್ವ ಅಳುತ್ತಾ ಹೊಸ್ತಿಲ ಮೇಲೆ ಕುಸಿದಳು. ಎದುರಿಗೇ ಒಂದು ಬೀದಿನಾಯಿ, ಅವಳು ಬೆಳಗ್ಗೆ ಸುಣ್ಣದಲ್ಲಿ ದಟ್ಟವಾಗಿ ತುಂಬಿದ್ದ ರಂಗೋಲಿಯ ಮೇಲೆ ಹಾಯಾಗಿ ಮಲಗಿತ್ತು. "ಥೂ, ಏಳೋ!" ಎಂದು ಅದನ್ನು ತಳ್ಳಿದಳು. ಕೈ ರಂಗೋಲಿಗೆ ತಾಗಿತು. ಬಿಳಿ ಸುಡಲಿಲ್ಲ! ಕಪ್ಪು ಕುಡಿದ ಬಿಸಿಲನ್ನು ಬಿಳಿ ಹಿಂದಕ್ಕೆ ಕಳಿಸುತ್ತಿತ್ತು.

"ಅಕ್ಕಾ, ಅವ್ವಾ, ಎಲ್ಲರೂ ಬನ್ರೇ! ನನ್ನ ಗೂಡಿನ ಸುಣ್ಣವೆಲ್ಲ ತಗೊಳ್ಳಿ, ಊರಿಗೇ ರಂಗೋಲಿ ಹಾಕಿ. ಬೆರಳಗಲ ಕಪ್ಪೂ ಕಾಣಬಾರದು!"

"ಚುಕ್ಕಿಯಿಲ್ಲದ್ದು ಅದೆಂಥ ರಂಗೋಲಿಯೇ?" ಎಂದು ಎದುರುಮನೆ ಅಜ್ಜಿ ಗೊಣಗಿದಳು. ಮೊದಲು ಬುಟ್ಟಿ ಹಿಡಿದವಳೂ ಅವಳೇ.

ಹೊತ್ತಿಳಿಯುವುದರೊಳಗೆ ಊರು ಹಾಲು ಚೆಲ್ಲಿದಂತಾಯಿತು. ಕುಡಿಯಲು ಬಿಸಿಲಿಲ್ಲದೆ ಉಡ ಕುಗ್ಗಿತು. ಬೀದಿಯಷ್ಟಿದ್ದದ್ದು ಎತ್ತಿನಷ್ಟಾಯಿತು, ಎತ್ತಿನಷ್ಟಿದ್ದದ್ದು ಮೊಳದುದ್ದವಾಗಿ ಪೊದೆಗೆ ಓಡಿತು. ಅದರ ಕಾವಿನಲ್ಲೇ ಜೀವ ಇಟ್ಟುಕೊಂಡಿದ್ದ ಕೆಂಡಬೀರ ನಿಂತಲ್ಲೇ ಬೂದಿಯಾದ. ಅಜ್ಜಿ ಆ ಬೂದಿಯಲ್ಲಿ ಪಾತ್ರೆ ತಿಕ್ಕಿದಳು.

ಕೆಳಗೆ ಹಳೆಯ ಮಣ್ಣು ಹಾಗೇ ಇತ್ತು. ಥಳಕುರಾಯ ಬರಿಗಾಲಲ್ಲಿ ಬಂದು, "ತಪ್ಪಾಯ್ತು ತಾಯೀ" ಎಂದು ತನ್ನ ಕೈಯಾರೆ ಹೊಂಗೆಸಸಿ ನೆಟ್ಟ. ನೆಳಲೂರಿನವರು ಅಂದಿನಿಂದ ತಣ್ಣಗೆ ಬಾಳಿದರು.

ಆ ಸಂಜೆ ಬೆಳ್ಳಿ ಕಣ್ಣು ಬಿಟ್ಟಳು. ಅಂಬೆಗಾಲಿಟ್ಟು ಅಂಗಳಕ್ಕೆ ಬಂದು ಒಂದು ಹಿಡಿ ಮಣ್ಣು ಬಾಯಿಗೆ ಹಾಕಿಕೊಂಡಳು. ಸಾಕವ್ವ ಅವತ್ತೊಂದು ದಿನ ಬೈಯಲಿಲ್ಲ.