ಗಾಳಿರಾಯನ ಮೂರು ಸೂಜಿಗಳು

ನಮ್ಮ ಅಜ್ಜನ ಅಜ್ಜ ತೊಟ್ಟಿಲಲ್ಲಿದ್ದ ಕಾಲಕ್ಕಿಂತಲೂ ಹಿಂದೆ ಏಳುಕೆರೆ ಎಂಬ ರಾಜ್ಯವಿತ್ತು. ಆ ಕಾಲವೇ ಬೇರೆ. ಮನುಷ್ಯರಿಗೂ ಬಿಡುವಿತ್ತು, ನಾಯಿಗಳಿಗೂ ಬಿಡುವಿತ್ತು. ಬೀಸುವ ಕಲ್ಲಿನ ಮುಂದೆ ಹಾಡಿತ್ತು, ಸಂಜೆ ಕಟ್ಟೆಯ ಮೇಲೆ ಹಳೆಯ ಮಾತಿತ್ತು. ನೆನೆದರೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ.

ಆ ರಾಜ್ಯಕ್ಕೆ ನುಂಗಯ್ಯನೆಂಬ ಮಾಟಗಾರ ಬಂದ. ಅವನಿಗೆ ಅನ್ನ ರುಚಿಸದು, ಹಾಲು ರುಚಿಸದು. ಜನರ ನೆನಪುಗಳನ್ನು ಮಂಡಕ್ಕಿಯಂತೆ ಮುಕ್ಕುವುದೇ ಅವನ ಊಟ. ಅವನು ಮೂರು ಕರಿ ಸೂಜಿಗಳನ್ನು ಮಂತ್ರಿಸಿ ಅರಮನೆಯ ಬೇಟೆನಾಯಿ ಗಾಳಿರಾಯನಿಗೆ ಚುಚ್ಚಿದ. ಒಂದು ಕಿವಿಯೊಳಗೆ, ಒಂದು ನಾಲಿಗೆಯ ಕೆಳಗೆ, ಒಂದು ಮುಂಗಾಲಿನ ಬೆರಳ ಸಂದಿಯಲ್ಲಿ. ಅಂದಿನಿಂದ ಊರವರು ಉಂಡರು, ದುಡಿದರು, ಮಲಗಿದರು. ನಿನ್ನೆ ಎಂಬುದೊಂದಿತ್ತೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ರಾಜನೇ ತನ್ನ ಸಿಂಹಾಸನದೆದುರು ನಿಂತು, "ಇಲ್ಲಿ ಯಾರು ಕೂರುತ್ತಾರೆ?" ಎಂದು ಕೇಳುತ್ತಿದ್ದ.

ಕುರಿ ಕಾಯುವ ಮಾಳವ್ವ ಮಾತ್ರ ಆಗ ಗಡಿಯಾಚೆ ಮಂದೆ ಮೇಯಿಸಲು ಹೋಗಿದ್ದಳು. ನಾಲ್ಕು ತಿಂಗಳ ಮೇಲೆ ಮನೆಗೆ ಬಂದರೆ, ಹೆತ್ತ ತಾಯಿ ಬಾಗಿಲಲ್ಲೇ ತಡೆದಳು.

"ಯಾವೂರಾಕಿ ಯವ್ವಾ ನೀ? ಯಾರು ಬೇಕಾಗಿತ್ತು?"

"ಬೇ, ನಾ ನಿನ್ನ ಮಗಳು!"

"ನನಗ ಮಗಳದಾಳಂತ ಯಾರು ಹೇಳಿದ್ರು?" ತಾಯಿ ನಕ್ಕು, ದಾರಿಹೋಕರಿಗೆ ಕೊಡುವಂತೆ ಒಂದು ಚೊಂಬು ನೀರು ಕೊಟ್ಟಳು. ಮಾಳವ್ವ ಚೊಂಬನ್ನು ಹಾಗೇ ಜಗಲಿಯ ಮೇಲಿಟ್ಟು ಬೀದಿಗಿಳಿದಳು, ಊರಿಗೆ ಊರೇ ಹೀಗೆ ಮರೆತು ಕೂತಿತ್ತು.

ರಾಜನನ್ನೇ ಕೇಳೋಣವೆಂದು ಅವಳು ನೆಟ್ಟಗೆ ಅರಮನೆಗೆ ಹೋದಳು. ನುಂಗಯ್ಯ ಮೆಟ್ಟಿಲ ಮೇಲೆ ಹೊಟ್ಟೆ ನೀವಿಕೊಳ್ಳುತ್ತ ಕೂತಿದ್ದ. ಗೆದ್ದವನಿಗೆ ಬಾಯಿ ಜಾಸ್ತಿ. ಸೂಜಿಗಳ ಗುಟ್ಟನ್ನೆಲ್ಲ ತಾನೇ ಹೇಳಿಬಿಟ್ಟ. "ಬರೂ ಅಮಾಸಿ ಹೊತ್ತು ಮುಳುಗೂದ್ರಾಗ ಕಿತ್ತರ ನೆನಪು ತಿರುಗಿ ಬರತಾವ. ಆಮ್ಯಾಲ ಸೂಜಿ ರಕ್ತದಾಗ ಕರಗತಾವ, ನಿಮ್ಮವ್ವ ಜನ್ಮಪೂರ್ತಿ ನಿನಗ ನೀರು ಕೊಟ್ಟು ಕಳಸ್ತಾಳ. ಬೇಕಾದ್ರ ಹಗ್ಗ ತಗೋ. ಆದ್ರ ಜುಲುಮಿಲೆ ಹಿಡಿದವರ ಕೈಯಾಗ ಈ ನಾಯಿ ಹೊಗಿ ಆಗತದ!"

ಮಾಳವ್ವ ಹಗ್ಗ ಮುಟ್ಟಲಿಲ್ಲ. ಕುರಿಹಟ್ಟಿಯಲ್ಲಿ ಮರಿನಾಯಿಗಳನ್ನು ಪಳಗಿಸುತ್ತಿದ್ದ ಅವ್ವ ಕಣ್ಣಮುಂದೆ ಬಂದಳು. ಎಂಥ ಬೆಳಗುಗಳವು! ಮಡಿಲಲ್ಲಿ ರೊಟ್ಟಿಚೂರು ಇಟ್ಟುಕೊಂಡು ಅವ್ವ ಹೇಳುತ್ತಿದ್ದಳು: "ಮುಟ್ಟು, ಬಿಡು, ರೊಟ್ಟಿ ಕೊಡು. ನಾಯಿ ಸರಿಯೂದಕ್ಕ ಮೊದಲ ನಿನ್ನ ಕೈ ಸರೀಬೇಕು. ಇಕಿ ಬಿಡ್ತಾಳ ಅನ್ನೂ ನಂಬಿಕಿ ಬಂದ್ರ ಅದು ನಿಲ್ಲತದ." ಅವ್ವ ಮರೆತದ್ದನ್ನು ಮಗಳು ಮರೆತಿರಲಿಲ್ಲ.

ಮೊದಲ ದಿನ ಗಾಳಿರಾಯನ ಭುಜ ಮುಟ್ಟಿದಳು, ಬಿಟ್ಟಳು, ರೊಟ್ಟಿ ಕೊಟ್ಟಳು. ಮರುದಿನ ಕುತ್ತಿಗೆ ಮುಟ್ಟಿದಳು, ಬಿಟ್ಟಳು, ರೊಟ್ಟಿ ಕೊಟ್ಟಳು. ಐದನೆಯ ದಿನ "ನಿಲ್ಲಪ್ಪಾ, ನಿಲ್ಲು" ಎಂದು ಕಿವಿ ಮಡಚಿ ನೋಡಿದರೆ ಗಾಳಿರಾಯ ನಿಂತ. ಸೂಜಿ ಬಂತು. ಊರಿಗೆಲ್ಲ ಹಳೆಯ ವಾಸನೆಗಳು ನೆನಪಾದವು: ಸುಟ್ಟ ಶೇಂಗಾ, ಕಟ್ಟಿಗೆ ಒಲೆ, ಎಳೆಗೂಸಿನ ನೆತ್ತಿ.

ಆಮೇಲೆ ಬಾಯಿ. ತುಟಿ ಮುಟ್ಟಿದಳು, ಬಿಟ್ಟಳು, ರೊಟ್ಟಿ ಕೊಟ್ಟಳು. ನುಂಗಯ್ಯ ಕಸಿವಿಸಿಗೊಂಡು ಅಂಗಳಕ್ಕೆ ಮಾಯದ ಮೊಲಗಳನ್ನು ಬಿಟ್ಟ. ನಾಯಿ ಓಡಿತು. ಮಾಳವ್ವ ಕೂಗಲಿಲ್ಲ, ಗದರಲಿಲ್ಲ, ಕೂತಲ್ಲೇ ಕೂತಳು. ನಾಯಿ ಬೇಸತ್ತು ತಾನೇ ತಿರುಗಿ ಬಂತು. ಮೂರು ದಿನಕ್ಕೆ ಬಾಯಿ ತೆರೆದು ನಿಂತಿತು, ಎರಡನೆಯ ಸೂಜಿಯೂ ಬಂತು. ಊರಿಗೆಲ್ಲ ಹಾಡುಗಳು ನೆನಪಾದವು. ಅವ್ವನೂ ಜೋಗುಳ ಹಾಡಿದಳು. ಯಾರಿಗೆಂದು ತಿಳಿಯದೆ ಮನೆಯ ಕಂಬಕ್ಕೆ ಹಾಡಿದಳು.

ಅಮಾವಾಸ್ಯೆಗೆ ಎರಡೇ ದಿನ ಉಳಿದಾಗ ಗಾಳಿರಾಯನ ಬೆರಳ ಸಂದಿಯಲ್ಲಿ ಮೂರನೆಯ ಸೂಜಿಯ ತಲೆ ಕಂಡಿತು. ಅಷ್ಟರಲ್ಲಿ ಬಾಗಿಲಿನಿಂದ ಅವ್ವನ ದನಿ: "ಮಾಳೀ, ಲಗೂನ ಬಾರವ್ವಾ!"

ಅವ್ವನಿಗೆ ಏನಾಯಿತೋ ಎಂದು ಮಾಳವ್ವ ಅವಸರಪಟ್ಟಳು. ಗಬಕ್ಕನೆ ನಾಯಿಯ ಕಾಲು ಹಿಡಿದಳು. ಹಿಡಿದ ಕೈಯಲ್ಲಿ ಹೊಗೆಯಷ್ಟೇ ಉಳಿಯಿತು. ಬಾಗಿಲಲ್ಲಿ ಅವ್ವನಿರಲಿಲ್ಲ, ನುಂಗಯ್ಯ ಹಲ್ಲು ಕಿರಿಯುತ್ತಿದ್ದ. ಮಗಳನ್ನೇ ಮರೆತವಳು ಹೆಸರು ಹಿಡಿದು ಕರೆದಾಳೇ? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಗಾಳಿರಾಯ ಮತ್ತೆ ಕಾಣಿಸಿಕೊಂಡ, ದೂರವೇ ನಿಂತ. "ತಪ್ಪಾತೋ ಯಪ್ಪಾ," ಎಂದು ಮಾಳವ್ವ ಅತ್ತಳು. ಹೊತ್ತು ಇಳಿಯುತ್ತಿದ್ದರೂ ಭುಜದಿಂದಲೇ ಮತ್ತೆ ಶುರು ಮಾಡಿದಳು. ಮುಟ್ಟಿದಳು, ಬಿಟ್ಟಳು, ರೊಟ್ಟಿ ಕೊಟ್ಟಳು. "ಮಾಳೀ, ಲಗೂನ ಬಾ!" ಎಂದು ಅದೇ ದನಿ ಕರೆಯಿತು. ಮಾಳವ್ವ ತಿರುಗಿ ನೋಡಲಿಲ್ಲ, ಕೈ ಅವಸರ ಮಾಡಲಿಲ್ಲ. ಕಾಲಿಗೆ ಬೆರಳು ತಾಗಿಸಿದಳು, ನಾಯಿ ನಡುಗಿತು. ಸೂಜಿ ಕಣ್ಣೆದುರೇ ಇದ್ದರೂ, ಸೂರ್ಯ ಗುಡ್ಡಕ್ಕೆ ತಾಗಿದ್ದರೂ ಕೈ ತೆಗೆದಳು. ಬರಿಯ ಅಂಗೈ ಚಾಚಿ ಕೂತಳು.

ಗಾಳಿರಾಯ ಅವಳ ಮುಖ ನೋಡಿದ. ತಾನಾಗಿಯೇ ಕಾಲೆತ್ತಿ ಆ ಅಂಗೈಯಲ್ಲಿಟ್ಟು, ಗುಡಿಯ ಮುಂದಿನ ಕಲ್ಲುಬಸವನ ಹಾಗೆ ನಿಂತ. ಸೂಜಿ ಬಂತು.

ತಿಂದದ್ದೆಲ್ಲ ಹೊರಬಂದು ನುಂಗಯ್ಯ ಒಣಗಿದ ನುಗ್ಗೆಕಾಯಿಯ ಸಿಪ್ಪೆಯಾದ. ಗಾಳಿ ಹೊತ್ತುಕೊಂಡು ಹೋಯಿತು. ರಾಜ ಸಿಂಹಾಸನ ಏರಿದ. ಗಾಳಿರಾಯ ಅರಮನೆ ಬಿಟ್ಟು ಮಾಳವ್ವನ ಬೆನ್ನುಹತ್ತಿದ.

ಬೀದಿಯಲ್ಲೇ ಅವ್ವ ಎದುರಾದಳು. ತಬ್ಬಲಿಲ್ಲ, ಮುದ್ದಾಡಲಿಲ್ಲ. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿ? ತಲಿ ನೋಡು ಹೆಂಗ್ ಮಾಡಿಕೊಂಡೀದಿ! ಎಣ್ಣಿ ಕಂಡು ಎಷ್ಟು ದಿನಾತು?" ಎಂದು ಬೈದು, ಜಗಲಿಯ ಮೇಲೆ ಎಳೆದು ಕೂರಿಸಿ ಬಾಚಣಿಗೆ ತಂದಳು. ಅವ್ವ ಬೈಯುತ್ತ ಬಾಚಿದಳು, ಮಗಳು ಬಿಕ್ಕುತ್ತ ಕೂತಳು. ಏಳು ಕೆರೆಗಳ ನೀರು ಕುಡಿದವರೆಲ್ಲ ಅಂದಿನಿಂದ ಸುಖವಾಗಿದ್ದರು. ಅವರೆಲ್ಲರಿಗಿಂತ ಒಂದು ಗುಲಗಂಜಿ ಹೆಚ್ಚು ಸುಖವಾಗಿ ಈ ತಾಯಿಮಗಳಿದ್ದರು.