ಮೂಲೆ ಕುಯ್ದ ಮೀಸಲು

ಎಸರಿಟ್ಟು ಮೊದಲ ತೊಗರಿಬೇಳೆ ಪ್ಯಾಕೆಟ್ಟನ್ನು ಕೈಗೆತ್ತಿಕೊಂಡ ಮಾದಮ್ಮ ಹಾಗೇ ನಿಂತುಬಿಟ್ಟಳು. ಅದರ ಮೂಲೆಯನ್ನು ಯಾರೋ ಕುಯ್ದು ಮತ್ತೆ ಅಂಟಿಸಿದ್ದರು. ಎರಡನೆಯದೂ ಹಾಗೇ. ಮೂರನೆಯದೂ.

ಅಕ್ಕಿಹೆಬ್ಬಾಳಿನ ಆಚೆ, ಹೊಳೆದಂಡೆಯ ಆ ಪುಟ್ಟ ಗುಡಿಯಲ್ಲಿ ಶ್ರಾವಣ ಶನಿವಾರ ಬಂದರೆ ಸುತ್ತಲಿನ ಊರೆಲ್ಲ ಉಣ್ಣುತ್ತದೆ. ಅದಕ್ಕೆ ಬರುವ ದಿನಸಿ ಸ್ವಾಮಿಯ ಮೀಸಲು. ಎಡೆಯಾಗುವ ತನಕ ಅದನ್ನು ಅನ್ಯರು ಒಡೆಯಬಾರದು, ಮೂಸಬಾರದು. ಮಾದಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಒಗ್ಗರಣೆ ಹಾಕುವವಳು. ಅವಳೇ ಎಸರಿಳಿಸಿ ಗುಡಿಯ ಯಜಮಾನ ಚಲುವಯ್ಯನನ್ನು ಕೂಗಿದಳು.

ಕೆ.ಆರ್. ಪೇಟೆಯಿಂದ ಎಎಸ್‌ಐ ಯಶೋಧರಾ ಬರುವ ಹೊತ್ತಿಗೆ ಅನ್ನದಾನ ನಿಂತಿತ್ತು. ಪ್ರಸಾದಕ್ಕೆ ವಿಷ ಹಾಕಿದ್ದಾರಂತೆ ಎಂಬ ಸುದ್ದಿ ಹೊಳೆ ದಾಟಿತ್ತು.

"ಉಗ್ರಾಣದ ಬೀಗದಕೈ ಇರೋದು ಇವಳ ಸೊಂಟದಲ್ಲಿ ಕಣವ್ವ," ಅಂದ ಚಲುವಯ್ಯ. "ನಾನೇನೂ ಹೇಳಾಕಿಲ್ಲ. ನೀವೇ ಅರ್ಥ ಮಾಡ್ಕಳಿ."

"ಹೇಳಾಕಿಲ್ಲ ಅಂತ್ಲೇ ಎಲ್ಲಾ ಹೇಳ್ಬುಟ್ರಲ್ಲ ಯಜಮಾನ್ರೆ," ಅಂದಳು ಮಾದಮ್ಮ.

"ದಿನಸಿ ಕೊಟ್ಟೋರು ಯಾರು?" ಯಶೋಧರಾ ಕೇಳಿದಳು.

"ಯಾರೂಂತ ಹೇಳಾನ?" ಅಂದ ಚಲುವಯ್ಯ. "ನೆನ್ನೆ ಸಂಜೆ ಅರ್ಧ ಪೇಟೇನೇ ಬಂದಿತ್ತು. ನಿಮ್ಮತ್ತೇನೂ ಬಂದಿದ್ರು. ಸ್ವಾಮಿ ಮುಂದೆ ಇಟ್ಟು ಕೈಮುಗ್ದು ಹೋಗ್ತಾರೆ. ಹೆಸರು ಕೇಳೋ ಪದ್ಧತಿ ಇಲ್ಲ."

ಯಶೋಧರಾ ಮಾದಮ್ಮನ ಚೀಲ ಕೇಳಿದಳು. ಮಾದಮ್ಮ ಅದನ್ನು ಎದೆಗೆ ಒತ್ತಿಕೊಂಡಳು. ಅಷ್ಟೇ ಸಾಕಾಯಿತು. ಯಶೋಧರಾ ಕಿತ್ತುಕೊಂಡು, ಎಲ್ಲರೆದುರು ಚೀಲವನ್ನು ಕಲ್ಲುಹಾಸಿನ ಮೇಲೆ ಸುರಿದಳು. ಬಿದ್ದದ್ದು ಬೇಳೆಯ ಖಾಲಿ ಕವರುಗಳು, ಒಂದು ರಾಶಿ.

"ಹೋದ ವಾರದವು. ಕನಕಾಂಬ್ರದ ಸಸಿ ನೆಡಕೆ ಮಡಗಿದ್ದೆ," ಅಂದಳು ಮಾದಮ್ಮ.

ಯಾರೋ ನಕ್ಕರು. ಚಲುವಯ್ಯ, "ಇನ್ ಮ್ಯಾಲೆ ಒಲೆ ಮುಂದೆ ಕೂರಬ್ಯಾಡ ಬುಡು," ಅಂದ. ಮಾದಮ್ಮ ಸೊಂಟದಿಂದ ಬೀಗದಕೈ ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ಸ್ವಾಮಿಯ ಕಡೆ ಒಮ್ಮೆ ನೋಡಿದಳು. ಹೋದಳು.

ಯಶೋಧರಾ ತೋಳಿನಿಂದ ಬೆವರು ಒರೆಸಿಕೊಂಡಳು. ಏನೋ ಒರಟಾಗಿ ಕೆನ್ನೆಗೆ ತಾಗಿತು. ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಏನೋ ಮೆತ್ತಿಕೊಂಡು, ಖಾಕಿ ತೋಳಿನ ಮೇಲೆ ಕಲೆ ಕೂರಿಸಿತ್ತು.

* * *

ಬೇಳೆಯ ಮಾದರಿ ತುರ್ತು ಪರೀಕ್ಷೆಗೆ ಹೋಯಿತು. ಯಶೋಧರಾ ಕುಯ್ದ ಪ್ಯಾಕೆಟ್ಟೊಂದನ್ನೂ ಮಾದಮ್ಮನ ಖಾಲಿ ಕವರುಗಳನ್ನೂ ಹಿಡಿದು ಪೇಟೆಯ ಮಂಜುನಾಥನ ದಿನಸಿ ಅಂಗಡಿಗೆ ಬಂದಳು. ಆ ಕಂಪನಿಯ ಬೇಳೆ ಮಾರುವವನು ಅವನೊಬ್ಬನೇ.

"ಇಲ್ಲೇ ಯಾರಾದ್ರೂ ಕುಯ್ದಿರಬಹುದಾ?"

"ಕುಯ್ದ ಮಾಲ್ನ ನಮ್ ಪೇಟೆ ಹೆಂಗಸ್ರು ತಗತಾರಾ ಮೇಡಂ? ನನ್ ಮುಖಕ್ಕೇ ಎಸೆದು ಹೋಗ್ತಾರೆ." ಮಂಜುನಾಥ ಮೂಲೆಯನ್ನು ತಿರುಗಿಸಿ ನೋಡಿದ. "ಇದು ವಿಷ ಹಾಕಕಲ್ಲ. ಕ್ಯಾಶ್‌ಬ್ಯಾಕಿಗೆ."

"ಅಂದ್ರೆ?"

"ಪ್ಯಾಕೆಟ್ ಒಳಗಡೆ, ಮೂಲೇಲಿ ಒಂದು ಕೋಡ್ ಅಚ್ಚಾಗಿರ್ತದೆ. ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ಒಂದಷ್ಟು ದುಡ್ಡು ವಾಪಸ್ ಬತ್ತದೆ. ಒಂದು ಕೋಡಿಗೆ ಒಂದೇ ಸಲ."

ಕುಯ್ದ ಮೂಲೆ ಬಿಡಿಸಿ ಫೋನು ಹಿಡಿದ. ಈಗಾಗಲೇ ಬಳಸಲಾಗಿದೆ ಎಂದು ಬಂತು. ಖಾಲಿ ಕವರೊಂದನ್ನು ಒಳಗು ಹೊರಗು ಮಾಡಿ ಹಿಡಿದ. ಫೋನು ಟಿಣ್ ಅಂದಿತು.

"ನೋಡಿ, ನಂಗೇ ಜಮಾ ಆಯ್ತು," ಎಂದು ನಕ್ಕ. "ಈಗ ಎಷ್ಟೋ ಮನೇಲಿ ದಿನಸಿ ಖರ್ಚು ಹಿಂಗೇ ಉಳಿಸ್ತಾವ್ರೆ. ನಿಮ್ಮ..." ಅಂದವನು ನಿಲ್ಲಿಸಿ, ತಕ್ಕಡಿ ಒರೆಸತೊಡಗಿದ.

ಯಶೋಧರಾ ಉಳಿದ ಕವರುಗಳನ್ನೂ ಬಿಡಿಸಿ ನೋಡಿದಳು. ಯಾವುದರ ಮೂಲೆಯನ್ನೂ ಕತ್ತರಿ ಮುಟ್ಟಿರಲಿಲ್ಲ. ಕೋಡು ಬೇಕಿದ್ದರೆ ಮಾದಮ್ಮನ ಚೀಲದಲ್ಲೇ ರಾಶಿ ಇತ್ತು. ತುಂಬಿದ ಪ್ಯಾಕೆಟ್ಟು ಕುಯ್ಯುವ ದರ್ದು ಅವಳಿಗೇಕೆ? ಆ ದರ್ದು ಇದ್ದದ್ದು, ಕೊಟ್ಟ ಮೇಲೆ ಕವರು ಕೈಗೆ ಸಿಗದವರಿಗೆ. ಅಂದರೆ ಕೊಟ್ಟವರಿಗೆ.

ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದಳು. ಅಂಟಿಸಿದ ಜಾಗದಲ್ಲಿ ಓರೆ ಓರೆಯಾಗಿ ಸಣ್ಣ ಗೆರೆಗಳು. ಬಟ್ಟೆ ಹಾಸಿ, ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ ಗುರುತು. ದಪ್ಪ ಬಟ್ಟೆ. ಆ ಗೆರೆಗಳ ಖಾಕಿಯನ್ನು ಅವಳು ದಿನಾ ಮೈಮೇಲೆ ಹೊತ್ತು ತಿರುಗುತ್ತಿದ್ದಳು.

ತೋಳು ತಿರುಗಿಸಿದಳು. ಕಲೆಯಲ್ಲಿ ಹಳದಿ ಬಣ್ಣ. ಪ್ಯಾಕೆಟ್ಟಿನ ಅಂಚಿನದೇ ಹಳದಿ.

* * *

ಅತ್ತೆ ಪುಟ್ಟಲಕ್ಷ್ಮಮ್ಮ ದೇವರ ಗೂಡಿನ ಮುಂದೆ ಕೂತಿದ್ದರು. ದೀಪ ಹಚ್ಚಿರಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಯಶೋಧರಾಳ ಹಳೇ ಖಾಕಿ ಪ್ಯಾಂಟು ಮಡಿಸಿಟ್ಟಿತ್ತು. ಅದಕ್ಕೂ ಹಳದಿ ಮೆತ್ತಿತ್ತು.

"ದೀಪ ಹಚ್ಚಲಿಲ್ವಾ ಅತ್ತೆ?"

"ಕೈ ಬರ್ನಿಲ್ಲ ಕಣವ್ವ." ಅವರು ಪ್ಯಾಂಟಿನ ಕಡೆ ನೋಡಿದರು, ಸೊಸೆಯ ತೋಳಿನ ಕಡೆ ನೋಡಿದರು. "ಬ್ಯಾಳೆ ಸ್ವಾಮೀದು, ಕವರು ನಮ್ದು ಅನ್ಕಂಡೆ. ಒಂದು ಕಾಳೂ ತಗೀಲಿಲ್ಲ. ಬಸ್ಸಲ್ಲಿ ಚೆಲ್ಲೀತು ಅಂತ ಅಂಟಿಸ್ದೆ. ಗುಡೀಲಿ ಮಡಗಿ ಕೈ ಮುಗಿಯೋವಾಗ ಗೊತ್ತಾಯ್ತು, ಕೊಟ್ಟಿದ್ರಲ್ಲಿ ಚೂರು ವಾಪಸ್ ಈಸ್ಕಂಡ್ಬುಟ್ಟೆ ಅಂತ."

"ಮಾದಮ್ಮನ ಸುದ್ದಿ ಗೊತ್ತಾ?"

"ಮದ್ಯಾನ್ನವೇ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ನಿದ್ರಿ."

"ಪೊಲೀಸ್ನೋರ ಮನೆ ಅಲ್ವಾ. ನಿನ್ನ ಮರ್ವಾದೆ ಹೋಯ್ತದೆ ಅಂತ."

ಯಶೋಧರಾ ಗೋಡೆಗೊರಗಿ ಕೂತಳು. ಆಷಾಢದಲ್ಲಿ ದಿನಸಿ ಬಿಲ್ಲು ನೋಡಿ ಅವಳೇ ಅಂದಿದ್ದಳು: "ನಿಮ್ಮ ದೇವರು ನನ್ನ ಸಂಬಳದಲ್ಲೇ ಉಣ್ಣಬೇಕಾ ಅತ್ತೆ?" ಆಮೇಲೆ ಖರ್ಚು ಇಳಿದಾಗ, "ನೀವೇ ನಮ್ಮನೆ ಹಣಕಾಸು ಮಂತ್ರಿ" ಎಂದು ಬೆನ್ನು ತಟ್ಟಿದ್ದಳು. ಹೇಗೆ ಇಳಿಯಿತೆಂದು ಕೇಳಿರಲಿಲ್ಲ. ಮಾದಮ್ಮನ ಚೀಲವನ್ನಾದರೋ ಒಳಗೇನಿದೆ ಎಂದೂ ಕೇಳದೆ ಸುರಿದಿದ್ದಳು.

ಫೋನು ಬಂತು. ಬೇಳೆಯಲ್ಲಿ ವಿಷವಿರಲಿಲ್ಲ. ಕೇಸನ್ನು ಅಲ್ಲಿಗೇ ಮುಚ್ಚಬಹುದಿತ್ತು. ಆದರೆ ಮಾದಮ್ಮನಿಗೆ ಬಂದ ಕೆಟ್ಟ ಹೆಸರು ಹಾಗೇ ಉಳಿಯುತ್ತಿತ್ತು.

"ಸೀರೆ ಉಟ್ಕಳಿ ಅತ್ತೆ. ಗುಡಿಗೆ ಹೋಗಬೇಕು."

* * *

ಬೆಳಿಗ್ಗೆ ಇದ್ದವರೆಲ್ಲ ಗುಡಿಯಲ್ಲಿ ಮತ್ತೆ ಸೇರಿದ್ದರು. ಮಾದಮ್ಮನನ್ನು ಚಲುವಯ್ಯನೇ ಹೋಗಿ ಕರೆತಂದಿದ್ದ. ಯಶೋಧರಾ ಕವರು, ಪ್ಯಾಕೆಟ್ಟು, ಹಳೇ ಪ್ಯಾಂಟು ಮೂರನ್ನೂ ಕಲ್ಲುಹಾಸಿನ ಮೇಲಿಟ್ಟಳು. ಮಾದಮ್ಮನಿಗೆ ಯಾಕೆ ಕುಯ್ಯುವ ಅಗತ್ಯವಿರಲಿಲ್ಲ, ಓರೆ ಗೆರೆ ಯಾವ ಬಟ್ಟೆಯದು, ಹಳದಿ ಯಾವ ಪೆಟ್ಟಿಗೆಗೆ ಅಂಟಿತು, ಒಂದೊಂದಾಗಿ ಹೇಳಿದಳು. ಕೊನೆಗೆ ಕಲೆಯ ತೋಳನ್ನು ಎಲ್ಲರಿಗೂ ಕಾಣುವಂತೆ ಚಾಚಿದಳು.

"ಕುಯ್ದಿದ್ದು ನಮ್ಮನೇಲಿ."

"ಕುಯ್ದೋಳು ನಾನು," ಅಂದರು ಪುಟ್ಟಲಕ್ಷ್ಮಮ್ಮ. "ಸ್ವಾಮಿ ಹತ್ರ ತಪ್ಪು ಕೇಳ್ಕಂಡಿದೀನಿ ಮಾದಮ್ಮ. ಮೀಸಲು ಕೆಡಿಸ್ಬುಟ್ಟೆ."

"ಸ್ವಾಮಿ ಏನಂದ್ಕತನೋ ನಂಗೊತ್ತಿಲ್ಲ ಕಣಕ್ಕ. ಅವನಿಗೆ ಒಂದು ಪ್ಯಾಕೆಟ್ ಹೋದ್ರೆ ಇನ್ನೊಂದು ಬತ್ತದೆ," ಮಾದಮ್ಮ ಮೆಲ್ಲಗೆ ಅಂದಳು. "ನನ್ನ ಇಲ್ಲಿಂದ ಎಬ್ಬಿಸ್ದಾಗ ನೀವು ಮನೇಲಿ ಸುಮ್ನೆ ಕೂತಿದ್ರಲ್ಲ."

ಚಲುವಯ್ಯ ತಲೆತಗ್ಗಿಸಿ ಬೀಗದಕೈ ಚಾಚಿದ. ಮಾದಮ್ಮ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಖಾಲಿ ಚೀಲವನ್ನು ಯಶೋಧರಾಳ ಮುಂದೆ ಹಿಡಿದಳು.

"ಸುರಿದೋಳು ನೀನು. ನೀನೇ ತುಂಬವ್ವ."

ಯಶೋಧರಾ ಟೋಪಿ ತೆಗೆದು ಪಕ್ಕಕ್ಕಿಟ್ಟು, ಕಲ್ಲುಹಾಸಿನ ಮೇಲೆ ಕೂತಳು. ಕವರುಗಳನ್ನು ಒಂದೊಂದಾಗಿ ನೀವಿ, ಮಡಿಸಿ, ಚೀಲಕ್ಕೆ ಇಡತೊಡಗಿದಳು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಪುಟ್ಟಲಕ್ಷ್ಮಮ್ಮನೂ ಪಕ್ಕದಲ್ಲಿ ಕೂತು ಒಂದು ಕವರು ಎತ್ತಿಕೊಂಡರು.